ತಲೆಯ ಗಾತ್ರದಷ್ಟು ಸೊಪ್ಪು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂದು ಮೂರು ದಿನ ಯೋಚಿಸಿದೆ. ಇಲ್ಲ ಎಂದೇ ತೋರಿತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಆಸ್ಪತ್ರೆಯಲ್ಲಿ ಈ ಸಂಗತಿಯನ್ನು ಈಗ ಐದು ರೀತಿಯಲ್ಲಿ ಹೇಳುತ್ತಿದ್ದಾರೆ, ಅದರಲ್ಲೊಂದರಲ್ಲಿ ನಾನು ಮೊಸಳೆ ಸಾಕಿದ್ದೇನೆ. ಓದುವವರ ಹೊತ್ತು ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ. ಇಬ್ಬರು ಹಿರಿಯರ ಬಳಿ ಮತ್ತು ಎರಡು ಆಮೆಗಳ ಬಳಿ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಆಗಿದೆ. ಹಿರಿಯರು ಕ್ಷಮಿಸಿದರು.

ನಾನು ಆಸ್ಪತ್ರೆಯ ಅಡುಗೆಮನೆಗೆ ಅಂಟಿಕೊಂಡ ಕಿರುಕೋಣೆಯಲ್ಲಿ ಆಹಾರ ಗುಮಾಸ್ತ. ವಾರ್ಡುಗಳಿಂದ ಡಾಕ್ಟರರು ಗೀಚಿ ಕಳಿಸಿದ್ದನ್ನು ಹಳದಿ ಚೀಟಿಗಳಿಗೆ ಓದುವ ಹಾಗೆ ನಕಲು ಮಾಡಿ, ಮೊಹರು ಒತ್ತಿ, ಅಡುಗೆಮನೆಯ ಕಿಟಕಿಯಲ್ಲಿರುವ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಅಲ್ಲಿಂದ ಒಂದು ಪ್ರತಿ ವಾರ್ಡಿಗೂ ಹೋಗುತ್ತದೆ. ಇನ್ನೂರು ಹಾಸಿಗೆ, ಇನ್ನೂರು ಚೀಟಿ. ಮಧ್ಯೆ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಪೋಷಣೆಯ ಬಗ್ಗೆ ಒಂದು ಪ್ರಮಾಣಪತ್ರ ಪಡೆದೆ. ಅದಕ್ಕೆ ಕಟ್ಟು ಹಾಕಿಸಿ ಮನೆಯ ನಡುಕೋಣೆಯಲ್ಲಿ ತೂಗುಹಾಕಿದ್ದು ನನ್ನ ಮೊದಲ ತಪ್ಪು. ಒಂಬತ್ತು ವರ್ಷದ ಮಗಳು ಅದನ್ನು ನೋಡಿ, "ಅಪ್ಪಾ, ಅಲ್ಲಿ ಯಾರು ಏನು ತಿನ್ಬೇಕು ಅಂತ ನೀನೇ ಹೇಳ್ತೀಯಾ?" ಎಂದು ಕೇಳಿದಾಗ, "ಹೆಚ್ಚು ಕಡಿಮೆ ಹಾಗೇ" ಎಂದದ್ದು ಎರಡನೆಯದು.

ಹೆಚ್ಚು ಕಡಿಮೆ ಎಂಬ ಮಾತಿನಲ್ಲಿ ಕಡಿಮೆಯ ಪಾಲು ತೀರಾ ದೊಡ್ಡದಿತ್ತು. ನಾನು ಯಾರಿಗೂ ಏನನ್ನೂ ಹೇಳಿದವನಲ್ಲ. ನಕಲು ಮಾಡಿದವನು.

ಮಗಳ ಚಿಕ್ಕಮ್ಮ ಅವಳಿಗೆ ಎರಡು ನೀರಾಮೆ ಮರಿಗಳನ್ನು ತಂದುಕೊಟ್ಟಳು. ಐದು ತಿಂಗಳ ಮರಿಗಳು, ಅಂಗೈಯಲ್ಲಿ ಕೂರುವಷ್ಟು. ಮಗಳು ಅವಕ್ಕೆ ಬಟ್ಟಲು ಮತ್ತು ಮುಚ್ಚಳ ಎಂದು ಹೆಸರಿಟ್ಟಳು. ಬಟ್ಟಲು ಸಾಧು. ಮುಚ್ಚಳಕ್ಕೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡಕ್ಕೂ ಇದ್ದ ಸಾಮಾನ್ಯ ಗುಣವೆಂದರೆ ಒಣ ಸೀಗಡಿ. ಅದು ಬಿಟ್ಟು ಬೇರೇನನ್ನೂ ಅವು ಬಾಯಿಗೆ ತಾಗಿಸುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, ಎರಡೂ ಕತ್ತು ಚಾಚಿ, ಬಸ್ಸು ಹಿಡಿಯುವವರ ಹಾಗೆ ಈಜಿ ಬರುತ್ತಿದ್ದವು.

ಎರಡು ತಿಂಗಳಾದ ಮೇಲೆ ಮಗಳು ಬಟ್ಟಲನ್ನು ಕೈಗೆತ್ತಿಕೊಂಡು, "ಅಪ್ಪಾ, ಇದು ಒತ್ತಿದ್ರೆ ಒಳಗೆ ಹೋಗತ್ತೆ" ಎಂದಳು. ಹೆಂಡತಿಯೂ ಸೇರಿ ಮೂವರೂ ಪ್ರಾಣಿವೈದ್ಯೆಯ ಬಳಿ ಓಡಿದೆವು.

ವೈದ್ಯೆ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಏನು ಹಾಕ್ತಾ ಇದ್ದೀರಾ?"

"ಒಣ ಸೀಗಡಿ."

"ಮತ್ತೆ?"

"ಒಣ ಸೀಗಡಿ."

"ಬರೀ ಸಿಹಿ ತಿಂದು ಮಕ್ಕಳು ಬೆಳೀತಾವೇನ್ರೀ? ಚಿಪ್ಪು ಮೆತ್ತಗಾಗಿದೆ. ಸುಣ್ಣದಂಶ ಇಲ್ಲ, ಬೆಳಕಿಲ್ಲ. ಸೊಪ್ಪು ತಿನ್ಬೇಕು, ಗುಳಿಗೆಯಂಥ ಆಮೆ ಆಹಾರ ತಿನ್ಬೇಕು, ದೀಪದ ಕೆಳಗೆ ಮೈ ಕಾಯಿಸ್ಬೇಕು. ಮೂರು ವಾರ ಬಿಟ್ಟು ಕರ್ಕೊಂಡ್ ಬನ್ನಿ. ಅಷ್ಟರಲ್ಲಿ ಸೊಪ್ಪಿಗೆ ಬಾಯಿ ಹಾಕದಿದ್ರೆ..." ಎಂದು ಮಗಳ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮಗಳು ಅಳಲಿಲ್ಲ. ಮೆಟ್ಟಿಲಿಳಿಯುತ್ತ ನನ್ನ ತೋಳು ಹಿಡಿದು ಅವಳ ಅಮ್ಮನಿಗೆ ಹೇಳಿದಳು: "ಹೆದರ್ಬೇಡ ಅಮ್ಮಾ. ಅಪ್ಪ ಇನ್ನೂರು ಜನಕ್ಕೆ ಊಟ ಬರೀತಾನೆ. ಇವೆರಡೇ ತಾನೇ?"

ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಯಾವುದು ಎಲ್ಲಿಗೆ ಸೇರಬೇಕೆಂಬುದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅವಳು ನನ್ನನ್ನು ಒಂದೇ ನೋಟ ನೋಡಿದಳು.

ಅಂದಿನಿಂದ ಎಂಟು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಗ್ರಂಥಾಲಯದಿಂದ ಆಮೆಗಳ ಮೇಲಿನ ಒಂದು ದಪ್ಪ ಪುಸ್ತಕ ತಂದೆ. ಅದರಲ್ಲಿ ಹೇಳಿದ್ದಂತೆ ಎರಡನ್ನೂ ಬೇರೆ ಬೇರೆ ತೊಟ್ಟಿಗಳಲ್ಲಿ ಇಟ್ಟೆ. ಒಂದನ್ನೊಂದು ಕಚ್ಚದಿರಲಿ, ಯಾವುದು ಎಷ್ಟು ತಿಂದಿತೆಂಬ ಲೆಕ್ಕವೂ ಸಿಗಲಿ ಎಂದು. ಲೆಟಿಸ್ ಎಲೆ ತೇಲಿಬಿಟ್ಟೆ. ಬಟ್ಟಲು ಅದನ್ನು ಮೂಗಿನಿಂದ ಮೂಲೆಗೆ ತಳ್ಳಿ, ಹತ್ತಿ ಮಲಗಿತು. ಸೀಗಡಿ ನೆನೆಸಿದ ನೀರಿನಲ್ಲಿ ಎಲೆ ಅದ್ದಿ ಕೊಟ್ಟೆ. ಮುಚ್ಚಳ ಅದನ್ನು ಬಾಯಿಗೆ ಹಾಕಿ, ರಸ ಹೀರಿ, ಎಲೆಯನ್ನು ವಾಪಸ್ ಮಾಡಿತು. ಕ್ಯಾರೆಟ್ ತುರಿದು ಹಾಕಿದೆ. ಎರಡೂ ನನಗೆ ಬೆನ್ನು ತಿರುಗಿಸಿದವು. ಸೀಗಡಿ ಪೂರ್ತಿ ನಿಲ್ಲಿಸಿ ಎರಡು ದಿನ ಕಾದೆ. ಮೂರನೆಯ ದಿನ ಮುಚ್ಚಳ ನನ್ನ ಕಿರುಬೆರಳು ಕಚ್ಚಿತು. ಬೆರಳು ಸೊಪ್ಪಲ್ಲ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು ಎಂದು ನನ್ನ ನಂಬಿಕೆ.

ಎಲೆ ಜೀವಂತ ಹುಳುವಿನಂತೆ ಅಲ್ಲಾಡಿದರೆ ಮರಿಗಳಿಗೆ ಆಸೆ ಹುಟ್ಟುತ್ತದೆ ಎಂದೂ ಪುಸ್ತಕದಲ್ಲಿತ್ತು. ನಾನು ತೊಟ್ಟಿಯ ಮುಂದೆ ಮಂಡಿಯೂರಿ, ಚಿಮಟದಲ್ಲಿ ಎಲೆ ಹಿಡಿದು, ಮುಕ್ಕಾಲು ಗಂಟೆ ಅಲ್ಲಾಡಿಸಿದೆ.

"ನನಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟು ಹೋದ್ರಿ," ಎಂದಳು ಹೆಂಡತಿ ಹಿಂದಿನಿಂದ. "ಇಷ್ಟೊಂದು ಅಲ್ಲಾಡಿಸಿರ್ಲಿಲ್ಲ."

ಮಗಳು ಮಾತ್ರ ದಿನವೂ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಎರಡು ತೊಟ್ಟಿ ನೋಡಿ, ಬಟ್ಟಲಿನ ಅಂಚನ್ನು ಮೆಲ್ಲಗೆ ಒತ್ತಿ, "ನಾಳೆ ತಿನ್ನತ್ತೆ ಅಲ್ವಾ ಅಪ್ಪಾ?" ಎನ್ನುತ್ತಿದ್ದಳು. ಆ "ಅಲ್ವಾ" ಕೇಳಿದ ಕೂಡಲೇ ನಾನು ಇನ್ನೊಂದು ಎಲೆ ತೊಳೆಯಲು ಹೋಗುತ್ತಿದ್ದೆ.

ಒಂಬತ್ತನೆಯ ದಿನ ಶುಕ್ರವಾರ. ಮಧ್ಯಾಹ್ನದ ಬಿಡುವಿನಲ್ಲಿ ನನಗೊಂದು ವಿಚಾರ ಹೊಳೆಯಿತು. ಇಷ್ಟು ದಿನ ನಾನು ಮಾಡಿದ್ದೆಲ್ಲ ಬಾಯಿಮಾತಿನ ವ್ಯವಹಾರ. ಬರವಣಿಗೆಯಲ್ಲಿ ಶಿಸ್ತಾಗಿ ಒಂದು ಆದೇಶವಿದ್ದರೆ ಮನೆಯವರೆಲ್ಲ ಪಾಲಿಸುತ್ತಾರೆ, ನನಗೂ ಧೈರ್ಯ ಬರುತ್ತದೆ. ಎದುರಿಗೆ ಹಳದಿ ಚೀಟಿಗಳ ಕಟ್ಟಿತ್ತು. ಒಂದು ಹಾಳೆ ಎಳೆದುಕೊಂಡೆ.

ನಮ್ಮ ಚೀಟಿಯಲ್ಲಿ ರೋಗಿಯ ಹೆಸರು ಬರೆಯುವ ಹಾಗಿಲ್ಲ. ಮಹಡಿ, ಹಾಸಿಗೆಯ ಸಂಖ್ಯೆ, ತೊಂದರೆ, ಆದೇಶ, ಇಷ್ಟೇ. ಯಾವ ಅಂಕಣವನ್ನೂ ಖಾಲಿ ಬಿಡಬಾರದೆಂದು ಸಂಜೆ ತರಗತಿಯಲ್ಲಿ ಒತ್ತಿ ಒತ್ತಿ ಹೇಳಿದ್ದರು. ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಎರಡನೆಯ ಮಹಡಿ ಎಂದು ಬರೆದೆ. ತೊಟ್ಟಿಗಳಿಗೆ ಒಂದು, ಎರಡು ಎಂದು ಅಂಟಿಸಿದ್ದೆ. ಹಾಸಿಗೆ ಒಂದು ಮತ್ತು ಎರಡು ಎಂದು ಬರೆದೆ. ಯಾವ ಪ್ರಾಣಿ ಎಂದು ತಿಳಿಸುವ ಅಂಕಣ ಆ ಚೀಟಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಖಂಡಿತ ತುಂಬುತ್ತಿದ್ದೆ.

ತೊಂದರೆಯ ಕೆಳಗೆ ಬರೆದದ್ದು: ಬೆನ್ನು ಮೆತ್ತಗಾಗಿದೆ. ಹಟ ಹೆಚ್ಚು. ಒಂದು ಕಚ್ಚುತ್ತದೆ.

ಆದೇಶದ ಕೆಳಗೆ ಬರೆದದ್ದು: ಸೀಗಡಿ ಸಂಪೂರ್ಣ ಬಂದ್, ಎಲ್ಲಿ ಬಚ್ಚಿಟ್ಟಿದ್ದರೂ ಹುಡುಕಿ ತೆಗೆಯುವುದು. ಹಸಿ ಸೊಪ್ಪು ಮಾತ್ರ, ನೀರಿನಲ್ಲಿ ತೇಲಿಬಿಟ್ಟು ಕೊಡುವುದು. ಪ್ರಮಾಣ, ಒಂದು ಹೊತ್ತಿಗೆ ತಲೆಯ ಗಾತ್ರದಷ್ಟು. ಊಟಕ್ಕೆ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡುವುದು. ತಿನ್ನದಿದ್ದರೆ ಮೂಗಿನ ಮುಂದೆ ಎಲೆಯನ್ನು ಜೀವಂತವೆಂಬಂತೆ ಅಲ್ಲಾಡಿಸುವುದು. ತಲೆ ಒಳಗೆಳೆದುಕೊಂಡರೆ ಬಲವಂತ ಬೇಡ, ಸದ್ದಿಲ್ಲದೆ ಕಾಯುವುದು. ಊಟವಾದ ಮೇಲೆ ದೀಪದ ಕೆಳಗೆ ಬೆನ್ನು ಕಾಯಿಸುವುದು. ಮುಟ್ಟಿದ ಮೇಲೆ ಪ್ರತಿಯೊಬ್ಬರೂ ಸೋಪಿನಿಂದ ಕೈ ತೊಳೆಯುವುದು.

ಬರೆದು ಮುಗಿಸಿ ಓದಿದೆ. ಜೀವಮಾನದಲ್ಲಿ ಮೊದಲ ಬಾರಿ ನಕಲು ಮಾಡದೆ ಬರೆದ ಚೀಟಿ. ಸ್ವಲ್ಪ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಬಾರಿಸಿತು, ಮುಂದಿನ ಇಪ್ಪತ್ತು ಚೀಟಿಗಳ ಕೆಲಸಕ್ಕೆ ಕೈ ಹಾಕಿದೆ.

ಸಂಜೆ ಮನೆಗೆ ಬಂದು ಚೀಲ ತಡಕಿದರೆ ಚೀಟಿ ಇರಲಿಲ್ಲ. ಮೇಜಿನ ಮೇಲೆ ಮರೆತಿರಬೇಕೆಂದುಕೊಂಡೆ. ಶನಿವಾರ, ಭಾನುವಾರ ನನಗೆ ರಜೆ. ನೆನಪಿನಿಂದಲೇ ಎಲ್ಲವನ್ನೂ ಪಾಲಿಸಿದೆವು. ಬಟ್ಟಲು ಮಲಗಿತು. ಮುಚ್ಚಳ ಕಚ್ಚಿತು.

ಸೋಮವಾರ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಮುಖ್ಯ ಅಡುಗೆಯಾಕೆ ದರ್ಜಿಯ ಅಳತೆಪಟ್ಟಿಯನ್ನು ಲೆಟಿಸ್ ಗುಡ್ಡೆಯೊಂದರ ಸುತ್ತ ಸುತ್ತುತ್ತಿದ್ದಳು. ಈಕೆ ಇಪ್ಪತ್ತೆರಡು ವರ್ಷದಿಂದ ಆ ಒಲೆಗಳ ಯಜಮಾನಿ. ಹಿಂದೊಮ್ಮೆ ಯಾವುದೋ ಚೀಟಿಯನ್ನು ಪ್ರಶ್ನಿಸಿದ್ದಕ್ಕೆ ದೊಡ್ಡ ಡಾಕ್ಟರರಿಂದ ಬೈಸಿಕೊಂಡು, ಅಂದಿನಿಂದ ಚೀಟಿಯಲ್ಲಿ ಏನಿದ್ದರೂ ಮಾಡುತ್ತೇನೆ, ಕೇಳುವುದಿಲ್ಲ ಎಂದು ಶಪಥ ಮಾಡಿದವಳು.

"ಐವತ್ತೆಂಟು," ಎಂದಳು ನನ್ನನ್ನು ನೋಡದೆ. "ಎರಡನೇ ನಂಬರಿನವರದ್ದು ದೊಡ್ಡ ತಲೆ. ಒಂದನೇ ನಂಬರಿನವರದ್ದು ಐವತ್ತೆರಡೇ. ನಿನ್ನೆ ನಾನೇ ಮೇಲೆ ಹೋಗಿ ಅಳೆದು ಬಂದೆ. ಬೆಳಗಿನದು ಆಗಲೇ ಮೇಲೆ ಹೋಯ್ತು, ಇದು ಮಧ್ಯಾಹ್ನಕ್ಕೆ."

"ಯಾರ ತಲೆ?" ಎಂದೆ.

"ಎರಡನೇ ಮಹಡಿ, ಒಂದು ಮತ್ತು ಎರಡು. ಚೀಟಿ ನೀವೇ ತಾನೇ ಹಾಕಿದ್ದು? ಮೊಹರಿದೆ." ಕಿಟಕಿಯ ಮೊಳೆಗೆ ಸಿಕ್ಕಿಸಿದ್ದ ಹಳದಿ ಚೀಟಿಯನ್ನು ತೋರಿಸಿದಳು.

ನನ್ನ ಅಕ್ಷರ, ನನ್ನ ಮೊಹರು. ಕೈಗೆ ಅಭ್ಯಾಸ. ಎದುರಿಗೆ ಹಳದಿ ಕಾಗದವಿದ್ದರೆ ಅದು ನನ್ನನ್ನು ಕೇಳದೆ ಮೊಹರು ಒತ್ತಿ ಪೆಟ್ಟಿಗೆಗೆ ಹಾಕುತ್ತದೆ. ಒಳಗೆ ಓಡಿ ನೋಡಿದರೆ ಆ ಎರಡು ಹಾಸಿಗೆಗಳ ನಿಜವಾದ ಚೀಟಿ, ತರಕಾರಿ ಸೂಪು, ಬ್ರೆಡ್ಡು, ಉಪ್ಪು ಕಡಿಮೆ ಎಂದಿದ್ದದ್ದು, ನನ್ನ ಮೇಜಿನ ಮೇಲೆ ಶಾಂತವಾಗಿ ಮಲಗಿತ್ತು.

ನನಗೆ ಅಲ್ಲೇ ಕುಳಿತುಕೊಳ್ಳಬೇಕೆನಿಸಿತು. ಕುರ್ಚಿ ಎಲ್ಲಿದೆಯೆಂದು ತಿಳಿಯಲಿಲ್ಲ.

ಎರಡನೆಯ ಮಹಡಿಯ ಒಂದನೆಯ ಹಾಸಿಗೆಯ ಕೋಣೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು. ಎರಡನೆಯ ಹಾಸಿಗೆಯ ಕೋಣೆಯಲ್ಲಿ ನಿವೃತ್ತ ಕಾರ್ಖಾನೆ ತಪಾಸಣಾಧಿಕಾರಿ. ಇಬ್ಬರಿಗೂ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಇಬ್ಬರೂ ಆಸ್ಪತ್ರೆಯ ಊಟವನ್ನು ಹದಿನೈದು ದಿನದಿಂದ ಹಾಗೇ ವಾಪಸ್ ಕಳಿಸುತ್ತಿದ್ದರು. ಈ ವಿಷಯ ನನಗೆ ತಟ್ಟೆಗಳ ಲೆಕ್ಕದಿಂದ ಗೊತ್ತಿತ್ತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಮಹಡಿಯ ತುದಿಯಲ್ಲಿ ತಪಾಸಣಾಧಿಕಾರಿಯ ಹೆಂಡತಿ ಬೆಂಚಿನ ಮೇಲೆ ಕೈಚೀಲ ತಬ್ಬಿಕೊಂಡು ಕೂತಿದ್ದರು. ವಾರ್ಡ್ ಸಿಸ್ಟರ್ ಅವರೆದುರು ನಿಂತು ಒಂದು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

"ಇದೂ ಅದೇನಾ?" ಎಂದರು ಸಿಸ್ಟರ್.

"ಕಾಫಿ ಕಣಮ್ಮಾ."

ಸಿಸ್ಟರ್ ಫ್ಲಾಸ್ಕನ್ನು ಬೋರಲು ಹಾಕಿದರು. ಹುರಿದ ಸೀಗಡಿಗಳು ಟಪಟಪನೆ ತಟ್ಟೆಗೆ ಉದುರಿದವು.

ತಟ್ಟೆಯಿಂದ ಆಚೆ ಉರುಳಿದ ಒಂದನ್ನು ನಾನು ಹೆಕ್ಕಿ ಒಳಗೆ ಹಾಕಿದೆ.

"ನೋಡಿದ್ರಾ?" ಎಂದರು ಸಿಸ್ಟರ್ ನನ್ನ ಕಡೆ ತಿರುಗಿ. "ಮೂರನೇ ಸಲ. ದಿಂಬಿನೊಳಗೆ ಒಂದು ಪೊಟ್ಟಣ, ಚಪ್ಪಲಿಯೊಳಗೆ ಒಂದು. ಹದಿನೈದು ದಿನದಿಂದ ಇವರು ಯಾಕೆ ಊಟ ಮುಟ್ಟಲ್ಲ ಅಂತ ನಮಗ್ಯಾರಿಗೂ ಗೊತ್ತಾಗಿರ್ಲಿಲ್ಲ. ಚೀಟಿ ಬರೆದವರಿಗೆ ಹೇಗೆ ಗೊತ್ತಾಯ್ತೋ! ಓದಿದ ತಕ್ಷಣ ನನಗೆ ಮೈ ಜುಂ ಅಂತು."

"ನಾನು ಯಾರಿಗೂ ಹೇಳಿಲ್ಲ," ಎಂದು ಆ ಹೆಂಗಸು ಕಣ್ಣು ಒರೆಸಿಕೊಂಡರು. "ಅಂಗಡಿಗೆ ಕೂಡ ನಾನೊಬ್ಬಳೇ ಹೋಗಿದ್ದು. ನಮ್ಮ ಸೊಸೇನೇ ಹೇಳಿರ್ಬೇಕು. ಅವಳಿಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತು."

"ಸಿಸ್ಟರ್, ಆ ಚೀಟಿ..." ಎಂದೆ.

"ಅದನ್ನೇ ಹೇಳ್ತಿದೀನಿ. ಹಟ ಹೆಚ್ಚು ಅಂತಿದೆ, ಹಟ ಹೆಚ್ಚು. ಒಬ್ಬರು ಕಚ್ತಾರೆ ಅಂತಿದೆ. ಶನಿವಾರ ನಮ್ಮ ಚಿಕ್ಕ ಡಾಕ್ಟ್ರು ಎಲೆ ಅಲ್ಲಾಡಿಸೋಕೆ ಹೋದ್ರು, ಮೇಷ್ಟ್ರು ಬೆರಳಿಗೇ ಬಾಯಿ ಹಾಕಿದ್ರು! ನಾನು ಇಪ್ಪತ್ತು ವರ್ಷ ಸರ್ವಿಸ್ ಮಾಡಿದೀನಿ, ಇಷ್ಟು ಸರಿಯಾಗಿ ರೋಗಿನ ಅರ್ಥ ಮಾಡ್ಕೊಂಡು ಬರೆದ ಚೀಟಿ ನೋಡಿಲ್ಲ."

ನನ್ನ ಇಷ್ಟು ವರ್ಷದ ಸೇವೆಯಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಸಿಕ್ಕಿದ್ದು ಹೀಗೆ.

"ಚಿಕ್ಕ ಡಾಕ್ಟರು ಒಪ್ಪಿದ್ರಾ?"

"ಅವರು ದೊಡ್ಡ ಡಾಕ್ಟ್ರ ಹೊಸ ಪದ್ಧತಿ ಇರ್ಬೇಕು ಅಂದ್ರು. ದೊಡ್ಡ ಡಾಕ್ಟ್ರು ಊರಲ್ಲಿಲ್ಲ, ಇವತ್ತು ಬರ್ತಾರೆ. ಕೇಳೋ ಧೈರ್ಯ ಯಾರಿಗಿದೆ?"

"ಈಗ ಅವರಿಬ್ರೂ ಎಲ್ಲಿ?"

"ನೀರಲ್ಲಿ," ಎಂದರು ಸಿಸ್ಟರ್. "ಇಪ್ಪತ್ತು ನಿಮಿಷ ಆಗ್ತಾ ಬಂತು."

ಆ ಮಹಡಿಯಲ್ಲಿ ಕೈಕಾಲು ಆಡಿಸುವ ವ್ಯಾಯಾಮಕ್ಕೆಂದು ಒಂದು ಬೆಚ್ಚನೆಯ ನೀರಿನ ಕೊಳವಿದೆ, ನಾಲ್ಕಾಳು ಅಗಲದ್ದು. ಬಾಗಿಲು ತೆರೆದು ನೋಡಿದೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಕೊಳದ ಆ ಮೂಲೆಯಲ್ಲಿ ಒಬ್ಬರು, ಈ ಮೂಲೆಯಲ್ಲಿ ಒಬ್ಬರು, ಎದೆಮಟ್ಟ ನೀರಿನಲ್ಲಿ ಕೂತಿದ್ದರು. ಮೇಷ್ಟ್ರು ಸಣಕಲು, ಕನ್ನಡಕದ ಮೇಲೆ ಹಬೆ ಕಟ್ಟಿತ್ತು. ತಪಾಸಣಾಧಿಕಾರಿ ಭಾರೀ ಆಸಾಮಿ, ದೊಡ್ಡ ಬಿಳಿ ಟವೆಲ್ಲನ್ನು ತಲೆಯ ಮೇಲೆ ಹೊದ್ದು ಅದರೊಳಗೆ ಕತ್ತನ್ನು ಎಳೆದುಕೊಂಡಿದ್ದರು. ನಡುವೆ ಐವತ್ತೆಂಟು ಮತ್ತು ಐವತ್ತೆರಡು ಸೆಂಟಿಮೀಟರ್ ಲೆಟಿಸ್ ಹಸಿರು ದ್ವೀಪದಂತೆ ತೇಲುತ್ತಿತ್ತು. ಸುತ್ತ ನಾಲ್ಕು ಮಂದಿ ಆಯಾಗಳು, ಚಿಕ್ಕ ಡಾಕ್ಟರು, ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಚಿಕ್ಕ ಡಾಕ್ಟರ ಬೆರಳಿಗೆ ಪಟ್ಟಿ ಕಟ್ಟಿತ್ತು.

"ಅಯ್ಯೋ!" ಎಂದೆ.

"ಶ್!" ಎಂದರು ಎಲ್ಲರೂ ಒಟ್ಟಿಗೆ. "ತಲೆ ಒಳಗೆ ಹೋಗಿದೆ," ಎಂದು ಚಿಕ್ಕ ಡಾಕ್ಟರು ಪಿಸುಗುಟ್ಟಿದರು. "ಸದ್ದು ಮಾಡ್ಬೇಡಿ."

"ಎರಡು ದಿನ ಆಯ್ತು," ಎಂದು ಟವೆಲ್ಲಿನೊಳಗಿಂದ ಧ್ವನಿ ಬಂತು. "ನಾನು ಮೂವತ್ತು ವರ್ಷ ಕಾರ್ಖಾನೆಗಳನ್ನ ನಡುಗಿಸಿದವನು. ನನ್ನ ಮುಟ್ಟಿದೋರೆಲ್ಲ ಓಡಿ ಹೋಗಿ ಸೋಪು ಹಚ್ಕೊಳ್ತಾರೆ. ನನಗೇನು ಅಂಥಾ ಕಾಯಿಲೆ ಬಂದಿದೆ ಅಂತ ಒಬ್ಬರೂ ಹೇಳಲ್ಲ. ನಾನು ಸಾಯ್ತಿದೀನಾ? ಹೇಳಿಬಿಡಿ."

ಯಾರೂ ಹೇಳಲಿಲ್ಲ. ಸದ್ದಿಲ್ಲದೆ ಕಾಯಬೇಕೆಂದು ಚೀಟಿಯಲ್ಲಿತ್ತು.

ನನಗೆ ಇನ್ನು ತಡೆಯಲಾಗಲಿಲ್ಲ. ಮುಂದೆ ಹೆಜ್ಜೆಯಿಟ್ಟು ಬಾಯಿ ತೆರೆದೆ. ಅದೇ ಹೊತ್ತಿಗೆ ಮೇಷ್ಟ್ರು ನೀರಿನಿಂದ ಕೈ ಎತ್ತಿ, ಅತ್ತಿತ್ತ ನೋಡಿ, ಒಂದು ಎಲೆಯ ಅಂಚನ್ನು ಚಿವುಟಿ ಬಾಯಿಗೆ ಹಾಕಿಕೊಂಡರು. ಕರುಂ ಎಂದು ಸದ್ದಾಯಿತು.

ಟವೆಲ್ಲು ಸರಿಯಿತು. ಎರಡು ಕಣ್ಣು ಹೊರಗೆ ಬಂದವು.

"ಏನ್ರೀ ಅದು?"

"ಎಲೆ," ಎಂದರು ಮೇಷ್ಟ್ರು.

"ಯಾರ ಎಲೆ? ಆ ಗುಡ್ಡೆ ನನ್ನದು. ನನ್ನ ತಲೆ ಅಳೆದು ತಂದಿದ್ದು."

"ತೇಲಿಕೊಂಡು ನನ್ನ ಕಡೆಗೆ ಬಂತು. ಮಧ್ಯದ ಗೆರೆ ಎಳೆದ್ರೆ ನೂರಕ್ಕೆ ಅರವತ್ತು ಭಾಗ ನನ್ನ ಕಡೆಗಿದೆ."

"ಓಹೋ! ಲೆಕ್ಕ ಬೇರೆ!" ತಪಾಸಣಾಧಿಕಾರಿಗಳು ನೀರನ್ನು ಸೀಳಿಕೊಂಡು ಬಂದು ದೊಡ್ಡದೊಂದು ಎಲೆಯನ್ನು ಹಿಡಿದು, ಮಡಿಸದೆ, ಬಾಯಿಗೆ ತುರುಕಿಕೊಂಡರು. ಮೇಷ್ಟ್ರು ಎರಡು ಹಿಡಿದರು. ಅವರು ಮೂರು ಹಿಡಿದರು. ಕೊಳದಲ್ಲಿ ಅಲೆ ಎದ್ದು ನನ್ನ ಬೂಟು ನೆನೆಯಿತು. "ಅದು ಬಿಡ್ರೀ!" "ನೀವು ಬಿಡಿ!" "ದೊಡ್ಡವರು ಅಂತ ನೋಡಲ್ಲ ನಾನು!" ಆಯಾಗಳು ಬಾಯಿಗೆ ಸೆರಗು ಹಿಡಿದರು. ಸಿಸ್ಟರ್ ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಕೆನ್ನೆಗೆ ಇಟ್ಟುಕೊಂಡರು. ಹದಿನೈದು ದಿನದಿಂದ ಆಸ್ಪತ್ರೆಯ ಊಟದ ಒಂದು ಚಮಚವನ್ನೂ ನುಂಗದ ಇಬ್ಬರು ಹಿರಿಯರು ಐದು ನಿಮಿಷದಲ್ಲಿ ಒಂದು ತಲೆ ಮತ್ತು ಮುಕ್ಕಾಲು ತಲೆ ಸೊಪ್ಪು ಮುಗಿಸಿದರು.

"ಇಲ್ಲೇನು ನಡೀತಿದೆ?"

ದೊಡ್ಡ ಡಾಕ್ಟರು. ಪ್ರಯಾಣದ ಚೀಲ ಇನ್ನೂ ಕೈಯಲ್ಲೇ ಇತ್ತು.

ಚಿಕ್ಕ ಡಾಕ್ಟರು ಮುಂದೆ ಬಂದು, "ಸಾರ್, ನಿಮ್ಮ ಪದ್ಧತಿ ಫಲ ಕೊಟ್ಟಿದೆ" ಎಂದರು.

"ನನ್ನ ಯಾವ ಪದ್ಧತಿ?"

ಸಿಸ್ಟರ್ ಚೀಟಿಯ ಪ್ರತಿ ಕೊಟ್ಟರು. ದೊಡ್ಡ ಡಾಕ್ಟರು ಒಮ್ಮೆ ಓದಿದರು. ಚೀಲ ಕೆಳಗಿಟ್ಟರು. ಕನ್ನಡಕ ಬದಲಿಸಿ ಇನ್ನೊಮ್ಮೆ ಓದಿದರು. "ತಲೆಯ ಗಾತ್ರದಷ್ಟು," ಎಂದು ತಮಗೆ ತಾವೇ ಹೇಳಿಕೊಂಡರು. ಕೊಳದ ಕಡೆ ನೋಡಿದರು. ಅವರ ಮುಖ ಮೊದಲು ಕೆಂಪಾಗಿ, ಆಮೇಲೆ ಬಿಳಿಚಿ, ಕೊನೆಗೆ ಯಾವ ಬಣ್ಣವೂ ಇಲ್ಲದಂತಾಯಿತು.

"ಇದನ್ನ ಬರೆದದ್ದು ಯಾರು?"

ಇನ್ನೊಬ್ಬರ ಮೇಲೆ ಹಾಕಬಹುದಿತ್ತು, ಚೀಟಿಯಲ್ಲಿ ಸಹಿಯ ಅಂಕಣವೇ ಇಲ್ಲ. ಆದರೆ ಆ ಕ್ಷಣ ನನ್ನ ಮನಸ್ಸಿಗೆ ಬಂದದ್ದು ಕೆಲಸವಲ್ಲ. ಈ ಸುದ್ದಿ ಮಗಳ ಕಿವಿಗೆ ಬಿದ್ದರೆ, ಅಪ್ಪ ಬರೆದ ಚೀಟಿ ಆಮೆಗೂ ದಕ್ಕಲಿಲ್ಲ, ಮನುಷ್ಯರಿಗೂ ಕೇಡಾಯಿತು ಎಂದಾಗುತ್ತದೆ, ಅಷ್ಟೇ.

"ನಾನು ಸಾರ್. ಇದು ಇವರಿಗಲ್ಲ. ನಮ್ಮ ಮನೆ ಆಮೆಗಳಿಗೆ."

ಬಾಗಿಲ ಆಚೆಯಿಂದ ತಪಾಸಣಾಧಿಕಾರಿಯ ಹೆಂಡತಿ, "ಆಮೆಗಳಿಗಾ?" ಎಂದು ಕಿರುಚಿದರು. "ಹಾಗಾದ್ರೆ ನಮ್ಮ ಸೊಸೆ ಹೇಳಿದ್ದಲ್ವಾ?"

ಮೇಷ್ಟ್ರು ಅಗಿಯುವುದನ್ನು ನಿಲ್ಲಿಸಿದರು. "ಎಷ್ಟು ವಯಸ್ಸು?"

"ಈಗ ಏಳು ತಿಂಗಳು, ಸಾರ್."

ತಪಾಸಣಾಧಿಕಾರಿಗಳ ಬಾಯಿಂದ ಎಲೆಯ ಅರ್ಧ ಇನ್ನೂ ಹೊರಗೆ ನೇತಾಡುತ್ತಿತ್ತು. ಅದನ್ನು ಉಗುಳುವುದೋ ನುಂಗುವುದೋ ಎಂದು ಅವರು ಕೆಲವು ಕ್ಷಣ ಯೋಚಿಸಿದ್ದು ಎಲ್ಲರಿಗೂ ಕಂಡಿತು. ನುಂಗಿದರು.

"ಅವು ತಿಂದ್ವಾ?" ಎಂದು ಗಂಭೀರವಾಗಿ ಕೇಳಿದರು.

"ಇಲ್ಲ ಸಾರ್. ಹನ್ನೆರಡು ದಿನ ಆಯ್ತು. ಒಂದೆಲೆನೂ ಮುಟ್ಟಿಲ್ಲ."

"ಅಂದ್ರೆ ಅವಕ್ಕಿಂತ ಮೊದಲು ನಾವೇ ತಿಂದಿದ್ದು," ಎಂದು ಮೇಷ್ಟ್ರ ಕಡೆ ತಿರುಗಿದರು.

"ನಾನು ಮೊದಲು," ಎಂದರು ಮೇಷ್ಟ್ರು. "ನೀವು ಆಮೇಲೆ."

ದೊಡ್ಡ ಡಾಕ್ಟರು ನನಗೆ ಒಂದು ವಾರ ಮನೆಗೆ ಹೋಗಿರುವಂತೆ, ಲಿಖಿತ ವಿವರಣೆ ಕೊಡುವಂತೆ ಹೇಳಿದರು. ಬೈಯಲಿಲ್ಲ. ನಾನು ಹೊರಡುವಾಗ ಸಿಸ್ಟರ್ ಕೇಳಿದ್ದು ಕಿವಿಗೆ ಬಿತ್ತು: "ಸಾರ್, ಮಧ್ಯಾಹ್ನಕ್ಕೆ ಸೂಪ್ ಕೊಡ್ಲಾ, ಇದನ್ನೇ ಮುಂದುವರಿಸ್ಲಾ?" ಆಮೇಲೆ, "ಸೂಪು... ಇಬ್ಬರಿಗೂ ಒಂದೇ ಮೇಜಿನಲ್ಲಿ ಕೊಡಿ" ಎಂದದ್ದು ಕೇಳಿಸಿತು.

ಬಸ್ಸಿನಲ್ಲಿ ಕೂತು ಆ ಕೊಳವನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ಎರಡು ದಿನ ಬೆಚ್ಚನೆಯ ನೀರಾಗಲಿ, ದೀಪವಾಗಲಿ, ಅಲ್ಲಾಡಿಸುವುದಾಗಲಿ ಯಾವುದೂ ನಾಟಿರಲಿಲ್ಲ. ನಾಟಿದ್ದು ಪಕ್ಕದವನ ಬಾಯಿಯ ಸದ್ದು.

ಮನೆಗೆ ಬಂದವನೇ ಮುಚ್ಚಳವನ್ನು ಎತ್ತಿ ಬಟ್ಟಲಿನ ತೊಟ್ಟಿಗೆ ಬಿಟ್ಟೆ. ಒಂದೇ ಎಲೆ ಹಾಕಿದೆ. ಪುಸ್ತಕಕ್ಕೆ ವಿರುದ್ಧವಾಗಿ ನಾನು ಮಾಡಿದ ಮೊದಲ ಕೆಲಸ ಅದು. ಹೆಂಡತಿ ಮಧ್ಯಾಹ್ನದ ಊಟಕ್ಕೆ ಬಂದಿದ್ದಳು, ಮಗಳಿಗೆ ಅರ್ಧ ದಿನದ ಶಾಲೆ.

"ಇಷ್ಟು ಬೇಗ ಯಾಕೆ ಬಂದ್ರಿ?" ಎಂದಳು ಹೆಂಡತಿ.

ಹೇಳಿದೆ. ಎಲ್ಲವನ್ನೂ, ಅಳತೆಪಟ್ಟಿಯಿಂದ ಹಿಡಿದು. ನಾನು ಯಾರಿಗೂ ಊಟ ಬರೆಯುವವನಲ್ಲ, ಬರೆದದ್ದನ್ನು ನಕಲು ಮಾಡುವವನು ಎಂಬುದನ್ನೂ ಮಗಳ ಎದುರೇ ಹೇಳಿದೆ. ಹೆಂಡತಿ ಮೊದಲು ತಟ್ಟೆ ಕೆಳಗಿಟ್ಟಳು, ಆಮೇಲೆ ತಾನೇ ಕೆಳಗೆ ಕೂತಳು. "ಐವತ್ತೆಂಟಾ?" ಎಂದಳು. "ರೀ, ಐವತ್ತೆಂಟಾ?" ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವ ಹಾಗಿರಲಿಲ್ಲ. ಮಗಳು ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ಎದುರಿಸಲಾಗದೆ ಇಬ್ಬರನ್ನೂ ಕರೆದುಕೊಂಡು ಹೊರಗೆ ಹೋದೆ. ಬೀದಿಯ ಮೂಲೆಯ ಅಂಗಡಿಯಲ್ಲಿ ತಂಪು ಹಾಲು ಕುಡಿದು ಅರ್ಧ ಗಂಟೆ ಬಿಟ್ಟು ಬಂದೆವು.

ತೊಟ್ಟಿಯಲ್ಲಿ ಎಲೆಯಿರಲಿಲ್ಲ. ನಡುವಿನ ದಂಟು ಮಾತ್ರ ತೇಲುತ್ತಿತ್ತು. ಒಂದು ತುದಿಯನ್ನು ಮುಚ್ಚಳ ಕಚ್ಚಿತ್ತು. ಇನ್ನೊಂದು ತುದಿಯನ್ನು, ಸಾಧುವೆಂದು ಹೆಸರಾದ ಬಟ್ಟಲು, ಕಣ್ಣು ಕೆಂಪಗೆ ಮಾಡಿಕೊಂಡು ಎಳೆಯುತ್ತಿತ್ತು. ನಾವು ಹತ್ತಿರ ಹೋದ ಕೂಡಲೇ ಎರಡೂ ಬಿಟ್ಟು ತಲೆ ಒಳಗೆಳೆದುಕೊಂಡವು. ಮಗಳು ಒಂದು ಕೂಗು ಹಾಕಿದಳು, ಕೆಳಮಹಡಿಯವರು ಕಳ್ಳ ಬಂದನೆಂದು ಕೋಲು ಹಿಡಿದು ಮೇಲೆ ಓಡಿಬಂದರು.

ಮೂರನೆಯ ವಾರದ ಕೊನೆಗೆ ವೈದ್ಯೆ ಬಟ್ಟಲನ್ನು ಕೈಯಲ್ಲಿ ಹಿಡಿದು ಅಂಚನ್ನು ಒತ್ತಿದರು. ಇನ್ನೊಮ್ಮೆ ಒತ್ತಿದರು. ನಾನು ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ. ಮಗಳು ನನ್ನ ಅಂಗಿಯನ್ನು.

"ಗಟ್ಟಿಯಾಗ್ತಾ ಇದೆ," ಎಂದರು. "ಪೂರ್ತಿ ಅಲ್ಲ. ಆದ್ರೆ ಬದುಕ್ಕೊಳ್ಳತ್ತೆ. ಇಷ್ಟು ಬೇಗ ಹೇಗ್ರೀ ತಿನ್ನಿಸಿದ್ರಿ? ನನ್ನ ಹತ್ರ ಬರೋ ಬೇರೆಯವರಿಗೂ ಹೇಳ್ತೀನಿ, ವಿವರ ಕೊಡಿ."

ಮಗಳು ನನ್ನ ಮುಖ ನೋಡಿದಳು. ವೈದ್ಯೆಯೂ ಪೆನ್ನು ಹಿಡಿದು ನೋಡುತ್ತಿದ್ದರು. ಹೊಟ್ಟೆಕಿಚ್ಚಿನಿಂದ ಎಂದು ಹೇಳೋಣವೆಂದರೆ, ಆಮೆಗೆ ಹೊಟ್ಟೆಕಿಚ್ಚು ಇದೆಯೇ ಎಂಬುದು ಆ ಪುಸ್ತಕದಲ್ಲಿರಲಿಲ್ಲ. ಹಸಿವಿನಿಂದ ಎಂದರೆ, ಹಸಿವು ಹನ್ನೆರಡು ದಿನವೂ ಇತ್ತು. ಅಥವಾ ಅಷ್ಟು ದಿನಗಳಲ್ಲಿ ಅಂದು ಮಾತ್ರ ನಾನು ತೊಟ್ಟಿಯ ಮುಂದೆ ಮಂಡಿಯೂರಿ ಕಣ್ಣರಳಿಸಿಕೊಂಡು ಕೂರದೆ ಹಾಲು ಕುಡಿಯಲು ಹೋಗಿದ್ದರಿಂದಲೋ ಏನೋ.

"ನನಗೆ ಗೊತ್ತಿಲ್ಲ ಡಾಕ್ಟ್ರೇ," ಎಂದೆ.

ವೈದ್ಯೆ ಪೆನ್ನಿನ ಮುಚ್ಚಳ ಹಾಕಿದರು. ಮಗಳಿಗೆ ನನ್ನ ಮೇಲೆ ಬೇಸರವಾಯಿತೆಂದುಕೊಂಡೆ. ಅವಳು ನನ್ನ ಅಂಗಿ ಬಿಟ್ಟು ಕೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ನಂಗೂ ಗೊತ್ತಿಲ್ಲ" ಎಂದಳು.

ಈಗ ಆಮೆಗಳನ್ನು ದಿನವೂ ಒಂದೇ ತೊಟ್ಟಿಗೆ ಬಿಟ್ಟು, ಎಲೆ ಹಾಕಿ, ಮೂವರೂ ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಒಳಗೆ ಏನು ನಡೆಯುತ್ತದೆಂದು ಇವತ್ತಿನವರೆಗೂ ನಾವು ಯಾರೂ ನೋಡಿಲ್ಲ.